ಸ್ವಂತ ರೊಕ್ಕದ ಗೇಮ್ ಡಬ್ಬಿ

ನಮ್ಮ ಸೋದರಮಾವ ಇಲ್ಲಿಯವರೆಗೆ ಏನಿಲ್ಲೆಂದರೂ ನಾಲ್ಕುನೂರು ಸಲ ಸತ್ತಿದ್ದಾರೆ. ಗಾಬರಿಯಾಗಬೇಡಿ! ಈಗಲೂ ಮಸ್ಕಿಯ ಬಜಾರಿನಲ್ಲಿ ತಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿ, ಎಲೆ ಅಡಿಕೆ ಮೆಲ್ಲುತ್ತ ಗಟ್ಟಿಮುಟ್ಟಾಗಿ ಕುಳಿತಿದ್ದಾರೆ. ಅವರು ಸಾಯುವುದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಟೀವಿಯೊಳಗೆ. ಅದೂ ಯುದ್ಧ ಮಾಡಿ ಸಾಯುತ್ತಾರೆಂದು ತಿಳಿದಿರೇನು? ಛೇ! ಸೂರ್ಯ ಮುಳುಗುವುದನ್ನು ನೋಡುತ್ತ ನಿಂತು ಸಾಯುತ್ತಾರೆ.

ಅವರ ಮಗಳು ಲಗ್ನವಾಗಿ ಗಂಡನ ಮನೆಗೆ ಹೋಗುವಾಗ ಹಳೆಯದೊಂದು ವಿಡಿಯೋ ಗೇಮ್ ಯಂತ್ರವನ್ನು ಅಟ್ಟದ ಮೇಲೆ ಬಿಟ್ಟುಹೋಗಿದ್ದಳು. ಮಾಮಾ ಅದನ್ನು ಕರೆಯುವುದು 'ಗೇಮ್ ಡಬ್ಬಿ' ಎಂದು. ಬೇಸಿಗೆಯ ಒಂದು ಮಧ್ಯಾಹ್ನ ಬಜಾರಿನಲ್ಲಿ ನಾಯಿಯೂ ಓಡಾಡದ ಹೊತ್ತಿನಲ್ಲಿ, ಮಗಳ ನೆನಪಾಗಿಯೋ ಏನೋ, ಅದನ್ನು ಕೆಳಗಿಳಿಸಿ ಧೂಳು ಒರೆಸಿ ಟೀವಿಗೆ ಜೋಡಿಸಿದರು. ಅಂದಿನಿಂದ ಅವರ ಮಧ್ಯಾಹ್ನದ ನಿದ್ದೆಗೂ ಎಚ್ಚರಕ್ಕೂ ನಡುವಿನ ಗೋಡೆ ಬಿದ್ದುಹೋಯಿತು.

ಆ ಆಟದಲ್ಲಿ ಕೈಗೊಂದು ಬಂದೂಕು ಕೊಟ್ಟು, ಗುಡ್ಡದಾಚೆಯ ಕೋಟೆಯನ್ನು ಗೆದ್ದು ಬಾ ಎಂದು ಕಳಿಸುತ್ತಾರೆ. ಮಾಮಾ ಬಂದೂಕು ಹೆಗಲಿಗೇರಿಸಿ ಕೋಟೆಯ ಕಡೆಗೆ ಬೆನ್ನು ಮಾಡಿ ಹೊಳೆಯ ಕಡೆಗೆ ನಡೆದುಬಿಡುತ್ತಾರೆ. ಅಲ್ಲಿ ನೀರು ಸದ್ದಿಲ್ಲದೆ ಹರಿಯುತ್ತಿರುತ್ತದೆ. ದೂರದ ಗುಡ್ಡಗಳು ನೀಲಿಯಾಗಿ, ಆಮೇಲೆ ಊದಾ ಬಣ್ಣಕ್ಕೆ ತಿರುಗುತ್ತ ಕರಗುತ್ತಿರುತ್ತವೆ. ಮಾಮಾ ಅರೆಗಣ್ಣು ಮುಚ್ಚಿ ಮೆಲ್ಲಗೆ ಮಾತಾಡುತ್ತಾರೆ: "ನೋಡ್ರಿ, ಗಾಳಿ ಹೆಂಗ ಬೀಸಾಕತ್ತೈತಿ. ಹುಲ್ಲೆಲ್ಲಾ ಒಂದೇ ಕಡೀಗೆ ವಾಲ್ಯಾವ. ಅಗೋ, ಒಂದು ಹಕ್ಕಿ ಮನೀಗೆ ಹೊಂಟೈತಿ. ಹೋಗ್ಲಿ ಪಾಪ. ನಾವು ಇಲ್ಲೇ ಒಂದೀಟು ಕುಂದ್ರೋಣು."

ಅಷ್ಟರಲ್ಲಿ ಶತ್ರು ಸೈನಿಕನೊಬ್ಬ ಗಿಡದ ಮರೆಯಿಂದ ಬರುತ್ತಾನೆ. "ಬರ್ರಿ ಬರ್ರಿ, ಯಾವೂರಾತು? ಬಿಸಿಲಾಗ ಬಂದೀರಿ, ನೆಳ್ಳಿಗೆ ಕುಂದರ್ರಿ" ಎಂದು ಮಾಮಾ ಉಪಚಾರ ಮಾಡುತ್ತಾರೆ. ಢಂ! ಮಾಮಾ ಹೊಳೆಯ ದಂಡೆಯ ಮೇಲೆ ಅಂಗಾತ ಬೀಳುತ್ತಾರೆ. ಅಂಗಡಿಯ ಹಿಂದೆಯೇ ಮನೆ; ಅಡುಗೆ ಮನೆಯಿಂದ ಅತ್ತೆಯ ದನಿ ಬರುತ್ತದೆ: "ಸತ್ರೇನು? ಹಂಗಾರ ಏಳ್ರಿ, ಚಾ ಮಾಡೀನಿ."

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ರವಿವಾರ ಬಂದರೆ ಬಸ್ಸು ಹತ್ತಿ ಮಾಮಾನ ಮನೆಗೆ ಹಾಜರು. ಒಂದು ರವಿವಾರ ತಮಾಷೆಗೆಂದು ಮಾಮಾ ಆಡುವುದನ್ನು ಫೋನಿನಲ್ಲಿ ಹಿಡಿದು, ಚಾನಲ್ ಒಂದು ತೆರೆದು ಹಾಕಿದೆ. ಯಾರು ನೋಡುತ್ತಾರೆ ಇದನ್ನು ಎಂದುಕೊಂಡಿದ್ದೆ. ಜನ ನೋಡಿದರು! ವಾರ ವಾರ ಕಾದು ನೋಡಿದರು! ಕಾರಣ ಆಮೇಲೆ ತಿಳಿಯಿತು. ದಢೇಸುಗೂರಿನವರೊಬ್ಬರು ಬರೆದಿದ್ದರು: "ಮಾಮಾ, ನಿಮ್ಮ ಒಂದು ವಿಡಿಯೋನೂ ಪೂರಾ ನೋಡಿಲ್ರಿ. ಅಷ್ಟ್ ಛಲೋ ನಿದ್ದಿ ಹತ್ತತೈತಿ." ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಮಾಮಾ ಆ ಸಾಲನ್ನು ಮೂರು ಸಲ ಓದಿಸಿ ಕೇಳಿ, "ಇದಕ್ಕಿಂತ ದೊಡ್ಡ ಮಾತು ಇನ್ನೇನೈತಿ ಬೇ" ಎಂದು ಕಣ್ಣು ಒರೆಸಿಕೊಂಡರು.

ಇಲ್ಲಿ ಅವರ ಇನ್ನೊಂದು ಹುಚ್ಚನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಮದುವೆಯಲ್ಲಿ ಬಂಧುಬಳಗದವರು ಬಟ್ಟೆಬರೆ, ಪಾತ್ರೆಪಗಡ ಕೊಡುವುದಕ್ಕೆ ಆಯೇರಿ ಎನ್ನುತ್ತಾರೆ. ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನು ಮೈಕಿನಲ್ಲಿ ಕೂಗಿ ಹೇಳಬೇಕು. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನಮ್ಮ ಬಳಗದ ಯಾವ ಮದುವೆಯೇ ಇರಲಿ, ಆ ಮೈಕು ಮಾಮಾನ ಕೈಯಲ್ಲೇ. ಕೊಟ್ಟವರ ಹೆಸರು ಹೇಳದೆ ಒಂದು ಕುಪ್ಪಸದ ಖಣವನ್ನೂ ಅವರು ಒಳಗೆ ಬಿಟ್ಟವರಲ್ಲ. ಪಾಮನಕಲ್ಲೂರಿನ ಒಂದು ಮದುವೆಯಲ್ಲಿ ಯಾರೋ ಸ್ಟೀಲ್ ಕೊಡವೊಂದನ್ನು ಇಟ್ಟು ಹೆಸರು ಹೇಳದೆ ಹೋಗಿಬಿಟ್ಟರು. ಮಾಮಾ ಬಿಟ್ಟರೆ? "ಹಸರು ಚೌಕಡಿ ಅಂಗಿ ಹಾಕ್ಕೊಂಡವರು ಎಲ್ಲಿದ್ರೂ ಬರಬೇಕು, ಹೆಸರು ಹೇಳಿ ಉಣ್ಣಾಕ ಹೋಗಬೇಕು" ಎಂದು ಅರ್ಧ ತಾಸು ಕೂಗಿದರು. ಕೊನೆಗೆ ಪಂಕ್ತಿಯಿಂದ ಎಬ್ಬಿಸಿ ತಂದ ಆ ಮನುಷ್ಯ ಕಿವಿಯಲ್ಲಿ ಪಿಸುಗುಟ್ಟಿದ್ದೇನೆಂದರೆ, ಆತ ಹೋಗಬೇಕಾಗಿದ್ದುದು ಪಕ್ಕದ ಓಣಿಯ ಮದುವೆಗೆ! ಮಾಮಾ ಒಂದು ಕ್ಷಣವೂ ತಡವರಿಸದೆ ಕೂಗಿದರು: "ಮದುವಿ ತಪ್ಪಿ ಬಂದವರಿಂದ ವಧೂವರರಿಗೆ ಒಂದು ಸ್ಟೀಲ್ ಕೊಡಾ!"

ಇಂಥ ಮಾಮಾನಿಗೆ ಒಂದು ದಿನ ಬೆಂಗಳೂರಿನಿಂದ ಫೋನು ಬಂತು. ಹೊಸ ಗೇಮ್ ಡಬ್ಬಿ ಮಾಡುವ ಕಂಪನಿಯೊಂದರ ಪರವಾಗಿ ಮಾತಾಡುವ ಹುಡುಗಿ. ಡಬ್ಬಿಯನ್ನು ಪುಕ್ಕಟೆ ಕಳಿಸುತ್ತಾರಂತೆ, ಮೇಲೆ ಒಂದಿಷ್ಟು ರೊಕ್ಕವನ್ನೂ ಕೊಡುತ್ತಾರಂತೆ, ಅದರಲ್ಲಿ ಆಡಿ ಹೊಗಳಿ ವಿಡಿಯೋ ಹಾಕಬೇಕಂತೆ. "ಸರ್, ನಾವು ಕೊಟ್ವಿ ಅಂತ ಮಾತ್ರ ಎಲ್ಲೂ ಹೇಳ್ಬೇಡಿ. ನೀವೇ ಅಂಗಡಿಗೆ ಹೋಗಿ ತಗೊಂಡ ಹಾಗೆ ನ್ಯಾಚುರಲ್ ಆಗಿ ಬರ್ಲಿ" ಎಂದಳು. ಮಾಮಾ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ನೋಡಿದರು.

"ಕೊಟ್ಟವರು ತಮ್ಮ ಹೆಸರು ಹೇಳಬ್ಯಾಡ್ರಿ ಅಂತಾರಲ್ಲಬೇ! ಕದ್ದ ಮಾಲೇನು?"

ಆಗ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಆ ಹುಡುಗಿ ನನ್ನ ಜೊತೆಗೂ ಮಾತಾಡಿದ್ದಳು. ವಿಡಿಯೋಗಳ ಕೆಳಗೆ ನಾನು ಬರೆಯುವ ನಾಲ್ಕು ಸಾಲುಗಳನ್ನು ನೆನೆದು, "ಮೇಡಂ, ನೀವು ಬರೆದ್ರೆ ಎಷ್ಟು ನಿಜ ಅನ್ಸುತ್ತೆ!" ಎಂದಿದ್ದಳು. ಹದಿನಾಲ್ಕು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಒಬ್ಬ ವಿದ್ಯಾರ್ಥಿಯೂ ಹಾಗೆ ಅಂದಿಲ್ಲ. ನಾನು ಉಬ್ಬಿಹೋದೆ.

"ಗುಪ್ತದಾನ ಅಂತ ತಿಳ್ಕೊ ಮಾಮಾ" ಎಂದೆ.

"ಗುಡಿ ಹುಂಡೀಗೆ ಹಾಕಿದ್ಹಂಗ?"

"ಹೂಂ, ಹಂಗೇ."

"ಹಂಗಾರ ನಾ ಹುಂಡಿ ಆದೆ" ಎಂದು ಮಾಮಾ ಅರೆಮನಸ್ಸಿನಿಂದ ಒಪ್ಪಿಕೊಂಡರು. ಆಡಬೇಕಾದ ಮಾತನ್ನು ಬರೆದುಕೊಟ್ಟವಳು ನಾನೇ: 'ನನ್ನ ಸ್ವಂತ ರೊಕ್ಕದಾಗ ತಂದೀನ್ರಿ. ಸಿಂಧನೂರಾಗ ನಾಕ್ ಅಂಗಡಿ ತಿರುಗಿ, ಎಲ್ಲಾ ಕೈಯಾಗ ಹಿಡಿದು ನೋಡಿ, ಇದೇ ಛಲೋ ಅಂತ ತಂದೀನಿ.' ಆ 'ಕೈಯಾಗ ಹಿಡಿದು ನೋಡಿ' ಎಂಬುದು ನನಗೆ ಬಹಳ ಹಿಡಿಸಿತ್ತು. ಸುಳ್ಳಿಗೆ ಜೀವ ಬಂದದ್ದೇ ಅಲ್ಲಿ! ಮಾಮಾ ಅದನ್ನು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಜನ ಅದನ್ನು ಅವರ ಎಂದಿನ ಕನಸುಗಣ್ಣು ಎಂದುಕೊಂಡರು. ಬೇರೆ ಯಾವ ವಿಡಿಯೋವನ್ನೂ ಅಷ್ಟು ಜನ ನೋಡಿರಲಿಲ್ಲ.

ಆದರೆ ಮಾಮಾ ಮೊದಲಿನಂತೆ ಇರಲಿಲ್ಲ. ಹೊಸ ಡಬ್ಬಿಯಲ್ಲಿ ಹೊಳೆ ಇನ್ನೂ ಅಗಲವಾಗಿತ್ತು, ಮೋಡಗಳು ಹತ್ತಿ ಹಿಂಜಿ ಬಿಟ್ಟಂತೆ ತೇಲುತ್ತಿದ್ದವು, ನೀರಿನಲ್ಲಿ ಅವುಗಳ ನೆರಳೂ ತೇಲುತ್ತಿತ್ತು. ಮಾಮಾ ದಂಡೆಯ ಮೇಲೆ ಕೂರುವುದು, ಏಳುವುದು, ಮತ್ತೆ ಕೂರುವುದು. "ಮನಸ್ಸು ನಿಲ್ಲವಲ್ದು ಬೇ" ಎನ್ನುವುದು. ಮರುವಾರ ಅತ್ತೆ ನನಗೆ ಫೋನು ಮಾಡಿ ಗಾಬರಿಯಿಂದ ಹೇಳಿದರು: "ಲಗೂನ ಬಾರವ್ವಾ. ನಿಮ್ಮ ಮಾಮಾಗ ಏನೋ ಆಗೈತಿ. ಬಂದೂಕು ಹಾರಿಸಾಕತ್ಯಾರ. ಎರಡು ದಿನಾ ಆತು, ಒಂದು ಸಲಾನೂ ಸತ್ತಿಲ್ಲ!"

ನಾನು ಹೋದ ರವಿವಾರವೇ ಶಮೀಮಾ ಬಂದದ್ದು. ಬಳಗಾನೂರಿನಲ್ಲಿ ಮನೆಯಲ್ಲೇ ಕುಪ್ಪಸ ಹೊಲಿಯುವ ಹೆಣ್ಣುಮಗಳು, ನಮ್ಮ ಅಂಗಡಿಯಿಂದಲೇ ಒಳಪದರದ ಅಸ್ತರ್ ಬಟ್ಟೆ ಒಯ್ಯುವವಳು. ಆದರೆ ಅಂದು ಬಟ್ಟೆ ಕೇಳಲಿಲ್ಲ. ಸೀದಾ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತು, ಟೀವಿಯ ಕೆಳಗಿದ್ದ ಹೊಸ ಡಬ್ಬಿಯನ್ನು ನೋಡಿದಳು.

"ಇದೇ ಏನ್ರೀ ಮಾಮಾ? ನಮ್ಮ ಭಾಯಿ ಭತ್ತಾ ಕೊಯ್ಯೋ ಮಷೀನ್ ಮ್ಯಾಲಿಂದ ಬಿದ್ದು ಕಾಲು ಮುರ್ಕೊಂಡಾನ್ರೀ. ಮೂರು ತಿಂಗಳಾತು, ಹಾಸಿಗಿ ಬಿಟ್ಟು ಎದ್ದಿಲ್ಲ. ದಿನಾ ನಿಮ್ಮ ವಿಡಿಯೋ ನೋಡ್ತಾನ. ತಾನೂ ಆ ಹೊಳೀ ದಂಡ್ಯಾಗ ಅಡ್ಡಾಡಬೇಕು ಅಂತಾನ್ರೀ. ಕಾಲು ಬ್ಯಾಡಲ್ಲಾ ಅದಕ್ಕ, ಕೈ ಸಾಕಲ್ಲಾ ಅಂತಾನ."

ಮಾಮಾ ಆಟ ನಿಲ್ಲಿಸಿ ಅವಳ ಕಡೆ ತಿರುಗಿದರು.

"ಕರೆಂಟಿನ ಹೊಲಿಗಿ ಮಷೀನ್ ತಗೋಬೇಕಂತ ಎರಡು ವರ್ಷದಿಂದ ಕೂಡಿಟ್ಟೀನ್ರಿ. ತುಳದು ತುಳದು ಮೊಣಕಾಲು ಹಿಡಕೊಂಡಾವ. ಇರ್ಲಿ, ಮಷೀನ್ ಮುಂದ ನೋಡಿದ್ರಾತು. ಇವತ್ತೇ ಸಿಂಧನೂರಿಗೆ ಹೋಗಿ ಡಬ್ಬಿ ತರ್ತೀನಿ. ನೀವು ತಂದ ಅಂಗಡಿ ಯಾವ್ದು ಹೇಳ್ರಿ."

ಯಾವ ಅಂಗಡಿ? ನಾನು ಫೋನು ನೋಡುವವಳಂತೆ ತಲೆ ತಗ್ಗಿಸಿದೆ. ಮಾಮಾ ಕೇಳಿದರು: "ಅಷ್ಟು ರೊಕ್ಕಾ ಹಾಕೋಕಿಂತ ಮೊದ್ಲ ನಾಕ್ ಮಂದಿನ್ನ ಕೇಳಬೇಕಲ್ಲವ್ವಾ?"

"ಯಾರ್ನ ಕೇಳ್ಲಿ ಮಾಮಾ? ಉಳದವರ ವಿಡಿಯೋ ನಾ ನಂಬಂಗಿಲ್ಲ. ಕಂಪನ್ಯಾವ್ರು ಪುಗಸಟ್ಟೆ ಕೊಟ್ಟಿರ್ತಾರ, ಇವ್ರು ಹೊಗಳ್ತಾರ. ನೀವು ಹಂಗಲ್ಲ. ಸ್ವಂತ ರೊಕ್ಕದಾಗ ತಂದೀರಿ, ಕೈಯಾಗ ಹಿಡಿದು ನೋಡಿ ತಂದೀರಿ."

ನನ್ನ ಸಾಲು! ನಾನು ಹೆಮ್ಮೆಪಟ್ಟಿದ್ದ ಸಾಲು ಅವಳ ಬಾಯಲ್ಲಿ ಹಾಗೆಯೇ ಇತ್ತು, ಒಂದಕ್ಷರ ಬದಲಾಗದೆ. ಆ ಗಳಿಗೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾಮಾ ಎದ್ದು ಬಾಯಲ್ಲಿನ ಎಲೆ ಉಗುಳಿ, ಮುಖ ತೊಳೆದು, ತಲೆಗೆ ಟೋಪಿ ಹಾಕಿಕೊಂಡು ಬಂದರು. ಮದುವೆಯಲ್ಲಿ ಮೈಕು ಹಿಡಿಯುವಾಗ ಮಾತ್ರ ಹಾಕುವ ಟೋಪಿ ಅದು. "ಫೋನಿನ್ಯಾಗ ವಿಡಿಯೋ ಹಚ್ಚಬೇ" ಎಂದರು.

"ಮಾಮಾ, ಹೇಳಬಾರದಂತ ಕರಾರು ಐತಿ" ಎಂದು ನಾನು ಪಿಸುಗುಟ್ಟಿದೆ.

"ಕರಾರು ಹಾಳಾಗಿ ಹೋಗ್ಲಿ. ಹಚ್ಚು."

ಹಚ್ಚಿದೆ. ಮೈಕಿಲ್ಲದ ಆ ಕೋಣೆಯಲ್ಲಿ ಮಾಮಾ ಇಡೀ ಬಜಾರಿಗೆ ಕೇಳುವಂತೆ ಕೂಗಿದರು: "ಕೇಳ್ರಪ್ಪಾ ಕೇಳ್ರಿ! ಬೆಂಗಳೂರಿನ ಕಂಪನಿಯವರಿಂದ ಮಸ್ಕಿಯ ಅರಿವಿ ಅಂಗಡಿಯವರಿಗೆ ಒಂದು ಹೊಸಾ ಗೇಮ್ ಡಬ್ಬಿ, ಎರಡು ರಿಮೋಟು, ಮ್ಯಾಲೆ ಬಾಯಿ ಮುಚ್ಚಿಕೊಂಡು ಹೊಗಳಾಕ ರೊಕ್ಕಾ! ನಾ ಸಿಂಧನೂರಿಗೆ ಹೋಗಿಲ್ಲ. ನಾಕ್ ಅಂಗಡಿ ತಿರುಗಿಲ್ಲ. ಯಾವುದನ್ನೂ ಕೈಯಾಗ ಹಿಡಿದು ನೋಡಿಲ್ಲ. ಹೇಳಿದ್ದೆಲ್ಲಾ ಸುಳ್ಳು." ಬಾಯಿ ಮುಚ್ಚಿಕೊಂಡು ಹೊಗಳುವುದು ಹೇಗೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಆಮೇಲೆ ದನಿ ಇಳಿಸಿ, ಎಂದಿನ ನಿದ್ದೆಗಣ್ಣಿನ ದನಿಯಲ್ಲಿ ಹೇಳಿದರು: "ಡಬ್ಬಿ ಛಲೋನೇ ಐತಿ. ಆದ್ರ ಇದರೊಳಗ ನೀರು ಭಾಳ ಹೊಳೀತೈತಿ. ಹಳೇದರಾಗಿನ ಹೊಳಿ ಒಂಚೂರು ಮಬ್ಬು. ಕುಂತು ಕನಸು ಕಾಣೋರಿಗೆ ಮಬ್ಬೇ ಛಲೋ."

ಶಮೀಮಾ ನಗಲಿಲ್ಲ. ಅವಳ ಮುಖ ಬಿಗಿದುಕೊಂಡಿತ್ತು. "ನಾ ಇವತ್ತು ಇಲ್ಲಿ ಕೇಳಾಕ ಬರಲಾರದ ಸೀದಾ ಸಿಂಧನೂರಿಗೇ ಹೋಗಿದ್ರ?" ಎಂದಳು. ಮಾಮಾ ತಲೆ ತಗ್ಗಿಸಿ, "ತಪ್ಪಾತವ್ವಾ" ಎಂದರು. ಅರವತ್ತರ ಆ ಮನುಷ್ಯ ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮಗಳ ಹಳೆಯ ಡಬ್ಬಿಯನ್ನು ಒಂದು ಹೊಸ ಟವೆಲ್ಲಿನಲ್ಲಿ ಸುತ್ತಿ ಅವಳ ಮುಂದಿಟ್ಟರು. "ಕಾಲು ಕೂಡೋತನಾ ಭಾಯಿ ಕಡೆ ಇರ್ಲಿ. ನೀ ಮಷೀನ್ ತಗೊ" ಎಂದರು.

ಅವಳು ಗಂಟು ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಒಂದ್ ಮಾತು ಮಾಮಾ. ನಿಮಗ ಅಷ್ಟು ಚಂದಾಗಿ ಸುಳ್ಳು ಹೇಳಾಕ ಬರಂಗಿಲ್ಲ. ಆ ಮಾತು ಬರಕೊಟ್ಟವರು ಯಾರು?"

ಫೋನು ಇನ್ನೂ ನಡೆಯುತ್ತಿತ್ತು. ಅದನ್ನು ಹಿಡಿದು ನಿಂತವಳು ನಾನು. ಮಾಮಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಇಲ್ಲವ್ವಾ. ಬಾಯಿ ನಂದು, ಮಾತೂ ನಂದೇ."

ಆ ವಿಡಿಯೋವನ್ನು ಒಂದಿಷ್ಟೂ ಕತ್ತರಿಸದೆ ಹಾಕಬೇಕೆಂದು ಮಾಮಾ ಹಟ ಹಿಡಿದರು. ಹಾಕಿದೆ. ಕಂಪನಿಯವರು ಸಿಟ್ಟಾಗಿ ಡಬ್ಬಿ, ರೊಕ್ಕ ಎಲ್ಲ ವಾಪಸು ತರಿಸಿಕೊಂಡರು. ಹಳೆಯ ಡಬ್ಬಿ ಇನ್ನೂ ಬಳಗಾನೂರಿನಲ್ಲೇ ಇದೆ. ಮಧ್ಯಾಹ್ನದ ಹೊತ್ತು ಮಾಮಾ ಈಗ ಟೀವಿ ಹಚ್ಚದೆಯೇ ಗಾದಿಯ ಮೇಲೆ ಕುಳಿತು ಬಜಾರು ನೋಡುತ್ತಾರೆ. ಅಂದು ನಾನು ಹೊರಡಲು ಎದ್ದಾಗ, "ಊಟಾ ಮಾಡಿ ಹೋಗಬೇ, ಬಸ್ಸಿಗೆ ಇನ್ನೂ ಹೊತ್ತೈತಿ" ಎಂದರು, ಅಷ್ಟೇ.

ಆ ವಿಡಿಯೋದ ಕೆಳಗೆ ಜನ ಇವತ್ತಿಗೂ ಒಂದು ಪ್ರಶ್ನೆ ಕೇಳುತ್ತಾರೆ. ಎಲ್ಲ ಸರಿ, ಆದರೆ ಕೊನೆಯ ಒಂದು ನಿಮಿಷ ಚಿತ್ರ ಯಾಕೆ ಅಷ್ಟು ಅಲುಗಾಡುತ್ತದೆ ಎಂದು. ಇಷ್ಟು ದಿನ ಉತ್ತರ ಕೊಟ್ಟಿರಲಿಲ್ಲ. ಫೋನು ಹಿಡಿದವಳು ಅಳುತ್ತಿದ್ದಳು. ಆ ಸಾಲು ಬರೆದವಳು ಅವಳೇ.