ಲೆಕ್ಕದ ಮೇಷ್ಟ್ರ ದೋಸೆ ಪರೀಕ್ಷೆ

"ದೋಸೆ ವಿಷಯದಲ್ಲಿ ನಾಲಗೆ ನಂಬಬಾರದು, ಲೆಕ್ಕ ನಂಬಬೇಕು!"

ಶ್ರೀರಂಗಪಟ್ಟಣದ ಮಿಡ್ಲ್ ಸ್ಕೂಲಿನ ಲೆಕ್ಕದ ಮೇಷ್ಟ್ರು ಅಂದಾನಯ್ಯನವರು ನಡುಮನೆಯಲ್ಲಿ ನಿಂತು ಹೀಗೆ ಸಾರಿದಾಗ ಅರವತ್ತೇಳನೇ ಇಸವಿಯ ದಸರಾ ರಜ ಆಗಷ್ಟೇ ಶುರುವಾಗಿತ್ತು. ಎದುರಿಗೆ ಕೂತಿದ್ದವನು ಭಾವಮೈದುನ ಚಿಕ್ಕಯ್ಯ. ಅಕ್ಕಿ ಗಿರಣಿಯಲ್ಲಿ ಹತ್ತು ವರ್ಷ ಮಾಡಿದ ಕೆಲಸಕ್ಕೆ ಕೈಮುಗಿದು, ಬಸ್ ಸ್ಟ್ಯಾಂಡಿನ ಪಕ್ಕ ಹೋಟೆಲು ತೆರೆಯಲು ಹೊರಟಿದ್ದ. ಬೆಂಚು ಬಂದಿತ್ತು, ಬೋರ್ಡು ಬಂದಿತ್ತು, ಗೋಡೆಗೆ ಲಕ್ಷ್ಮಿ ಪಟವೂ ಬಂದಿತ್ತು. ದೋಸೆ ಹುಯ್ಯುವವನು ಮಾತ್ರ ಬಂದಿರಲಿಲ್ಲ.

"ನಾಕೂರಲ್ಲೂ ಮಸಾಲೆ ದೋಸೆ ತಿಂದು, ರೇಟೆಷ್ಟು, ರುಚಿಯೆಷ್ಟು ಅಂತ ತಾಳೆ ನೋಡಿ, ಎಲ್ಲಾರ್ಗಿಂತ ಮೇಲಾದೋನ್ನೇ ಕರ್ಕಬತ್ತೀನಿ ಕಣ್ಲಾ. ನೀನು ಸುಮ್ನೆ ನೋಡ್ತಿರು!"

ಒಳಗಿನಿಂದ ಹೆಂಡತಿ ಜಯಲಕ್ಷ್ಮಮ್ಮನ ದನಿ ಬಂತು. "ಮೊನ್ನೆ ಸಾರ್ಗೆ ಉಪ್ಪೇ ಆಕಿರ್ಲಿಲ್ಲ. ಎಲ್ಡು ಸಲ ಬಡಿಸ್ಕಂಡು ಉಂಡೋರು ನೀವೇ ಅಲ್ವಾ?"

"ನಾಲಗೆ ನಂಬಬಾರದು ಅಂದಿದ್ದು ಅದಕ್ಕೇ ಕಣೇ!"

ಮರುದಿನವೇ ದಿಗ್ವಿಜಯ ಹೊರಟಿತು. ಮೈಮೇಲೆ ಕರಿಕೋಟು, ಕೈಯಲ್ಲಿ ನೋಟ್‌ಬುಕ್ಕು, ಜೇಬಿನಲ್ಲಿ ಒಂದಡಿಯ ಸ್ಕೇಲು. ದೋಸೆಯ ಅಡ್ಡಳತೆ ತೆಗೆದು, ಇಂಚಿಗೆ ಎಷ್ಟು ಪೈಸೆ ಬಿತ್ತೆಂದು ಭಾಗಿಸಿ, ರುಚಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಮೇಷ್ಟ್ರ ಸ್ವಂತ ಸೂತ್ರ.

ಮೊದಲು ತಮ್ಮೂರಿನ ಹೋಟೆಲು. ಹತ್ತಿಂಚು, ಮೂವತ್ತು ಪೈಸೆ. ಚಟ್ನಿಯಲ್ಲಿ ಕಾವೇರಿಯ ಪಾಲು ಹೆಚ್ಚು. ಎರಡನೆಯ ದಿನ ಪಾಂಡವಪುರ. ಹನ್ನೊಂದಿಂಚು, ಮೂವತ್ತೈದು ಪೈಸೆ. ಆಲೂಗೆಡ್ಡೆಯನ್ನು ಹುಡುಕಿಕೊಂಡು ಹೋಗಬೇಕು. ಮೇಷ್ಟ್ರು ದೋಸೆಗೆ ಸ್ಕೇಲು ಹಿಡಿದು ಬಗ್ಗಿದ್ದನ್ನು ಕಂಡು ಮಾಲೀಕ ಗಲ್ಲಾ ಬಿಟ್ಟು ಓಡಿ ಬಂದ.

"ಸ್ವಾಮಿಯೋರು ಯಾವ ಕಡೆಯೋರು?"

"ಲೆಕ್ಕದ ಕಡೆಯವರು," ಎಂದರು ಮೇಷ್ಟ್ರು, ತಲೆ ಎತ್ತದೆ.

ಅಷ್ಟೇ! ಲೆಕ್ಕ ತಪಾಸಣೆಯ ಸಾಹೇಬರು ಬಂದಿದ್ದಾರೆಂದು ಮಾಲೀಕ ನಡುಗಿದ. ಆ ಸುದ್ದಿ ಸಂಜೆಯ ಬಸ್ಸು ಹತ್ತಿ ಮೇಷ್ಟ್ರಿಗಿಂತ ಮೊದಲೇ ಕೆ.ಆರ್. ಪೇಟೆ ಸೇರಿತು. ಅಲ್ಲಿ ಮೇಷ್ಟ್ರು ಕೂರುವ ಮುಂಚೆ ಬೆಂಚನ್ನು ಮೂರು ಸಲ ಒರೆಸಿದರು. ದೋಸೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ! "ಈ ಊರಿನವರ ವಿನಯಕ್ಕೆ ನೂರಕ್ಕೆ ನೂರು," ಎಂದು ಮೇಷ್ಟ್ರು ಬರೆದುಕೊಂಡರು. ತಮ್ಮ ಮುಖದಲ್ಲೇ ಏನೋ ಒಂದು ಕಳೆ ಇದೆಯೆಂದು ಅವರಿಗೆ ಅನ್ನಿಸತೊಡಗಿತ್ತು.

ನಾಲ್ಕನೆಯ ದಿನ ನಾಗಮಂಗಲ. ಬಸ್ಸಿಳಿದ ಕೂಡಲೇ ಸಿಕ್ಕಿದ್ದು ಮಂಚಯ್ಯನ ಹೋಟೆಲು. ಬೆಳಗಿನ ಹತ್ತು ಗಂಟೆ. ಒಳಗಿದ್ದ ಗಿರಾಕಿ ಒಬ್ಬನೇ, ಅವನೂ ನಿದ್ದೆ ಹೋಗಿದ್ದ. "ಇಲ್ಲಿನ ಜನಕ್ಕೆ ರುಚಿಯ ಜ್ಞಾನವಿಲ್ಲ," ಎಂದು ಮೇಷ್ಟ್ರು ಷರಾ ಬರೆದರು. ಅವರನ್ನು ಕಂಡೊಡನೆ ಮಂಚಯ್ಯ ಹಿತ್ತಿಲ ಬಾಗಿಲಿಗೆ ಓಡಿದ. ಕಾಲು ಗಂಟೆಯ ಮೇಲೆ ದೋಸೆ ತಂದಿಟ್ಟ.

ಸ್ಕೇಲು ಮುಗಿದರೂ ದೋಸೆ ಮುಗಿದಿರಲಿಲ್ಲ! ಅಂಚು ಗರಿಗರಿ, ನಡುವೆ ಹೂವಿನಂತೆ ಮೆತ್ತಗೆ, ಆಗಷ್ಟೇ ಕಾಯಿ ಒಡೆದು ರುಬ್ಬಿದ ಚಟ್ನಿ. ಬೆಲೆಯೋ, ಬರೀ ಇಪ್ಪತ್ತೈದು ಪೈಸೆ! ಮೂರು ದೋಸೆ ಮುಗಿಯುವ ತನಕ ಮೇಷ್ಟ್ರಿಗೆ ನೋಟ್‌ಬುಕ್ಕಿನ ನೆನಪೇ ಬರಲಿಲ್ಲ.

"ಮಂಚಯ್ಯ, ಪಟ್ಣಕ್ಕೆ ಬಂದ್ಬುಡು. ನಮ್ಮ ಭಾವಮೈದನ ಓಟ್ಲು. ತಿಂಗ್ಳಿಗೆ ಎಪ್ಪತ್ತು ರೂಪಾಯಿ!"

"ಅದಲ್ಲ ಸ್ವಾಮಿ, ಈ ದೋಸೆ..."

"ಎಂಬತ್ತು!"

"ಒಂದ್ ಮಾತು ಯೋಳ್ಬೇಕಿತ್ತು..."

"ತೊಂಬತ್ತು! ಊಟ, ಬಟ್ಟೆ ಬೇರೆ!"

ಮಂಚಯ್ಯ ಬಾಯಿ ಮುಚ್ಚಿದ.

ಹೋಟೆಲಿನ ಪ್ರಾರಂಭಕ್ಕೆ ಬೀದಿಗೆ ಬೀದಿಯೇ ನೆರೆಯಿತು. ಬೆಲ್ಲದ ಮಂಡಿಯ ಸೋಮಯ್ಯನವರು ಮೊದಲ ಬೆಂಚಿನಲ್ಲಿ ಆಸೀನರಾಗಿದ್ದರು. ಮೇಷ್ಟ್ರು ಬಾಗಿಲಲ್ಲಿ ನಿಂತು, ನಾಲ್ಕೂರು ಸೋಸಿ ಆರಿಸಿದ ರತ್ನ ಒಳಗಿದೆ ಎಂದು ಪುಟ್ಟ ಭಾಷಣವನ್ನೇ ಮಾಡಿದರು. ರತ್ನವು ಹುಯ್ದ ಮೊದಲ ದೋಸೆ ಕಾವಲಿ ಬಿಟ್ಟು ಏಳಲಿಲ್ಲ. ಎರಡನೆಯದು ಚೂರುಚೂರಾಗಿ ಉಪ್ಪಿಟ್ಟಿನ ಅವತಾರ ತಾಳಿತು. ಮೂರನೆಯದು ಸೋಮಯ್ಯನವರ ಎಲೆಗೆ ಬಂತು. ಒಂದು ಮಗ್ಗುಲು ಇದ್ದಿಲು, ಇನ್ನೊಂದು ಮಗ್ಗುಲು ಹಸಿ ಹಿಟ್ಟು.

"ಮೇಷ್ಟ್ರೇ, ಇದ್ನ ತಿನ್ನಾದಾ, ಇಲ್ಲ ಬೋರ್ಡ್ ವರ್ಸಕ್ಕೆ ಮಡಿಕ್ಕಳಾದಾ?"

ಬೀದಿಯೆಲ್ಲ ನಕ್ಕಿತು. ಚಿಕ್ಕಯ್ಯನ ಕಣ್ಣು ತುಂಬಿತು. "ಭಾವ, ನಿಮ್ಮನ್ನ ನಂಬಿ ಗಿರಣಿ ಕೆಲ್ಸ ಬುಟ್ಟಿವ್ನಿ..."

ಆ ಮಾತು ಮೇಷ್ಟ್ರ ಎದೆಗೆ ನಾಟಿತು. ಅವರು ಅಡಿಗೆಮನೆಗೆ ನುಗ್ಗಿದರು. "ಲೇ ಮಂಚಯ್ಯ, ಅವತ್ತಿನ ದೋಸೆ ಎಲ್ಲಲಾ?"

ಮಂಚಯ್ಯ ಸಟ್ಟುಗ ಕೆಳಗಿಟ್ಟು ಕೈಮುಗಿದ. "ಅವತ್ತು ನಾನು ಕಾವ್ಲಿನೇ ಮುಟ್ಲಿಲ್ಲ ಸ್ವಾಮಿ. ಕರಿಕೋಟ್ನೋರು ತಪಾಸ್ಣೆಗೆ ಬತ್ತಾವ್ರೆ ಅಂತ ಕಂಡಕ್ಟ್ರು ಯೋಳಿದ್ದ. ಹೆದ್ರಿಕಂಡು ನಮ್ಮೆಂಗ್ಸು ಚಲುವಮ್ಮನ ಕೈಲಿ ಹುಯ್ಸಿದ್ದು. ದಿನಾ ರುಬ್ಬಾದು ಅವ್ಳೇಯ. ಹೆಂಗ್ಸು ಓಟ್ಲು ಒಲೆ ಮುಂದೆ ಕೂತ್ರೆ ಮರ್ವಾದೆ ಅಲ್ಲ ಅಂತ ನಾನು ಹುಯ್ತಿದ್ದೆ."

"ಮೊದ್ಲೇ ಯೋಳಾಕೆ ಏನಾಗಿತ್ಲಾ ನಿಂಗೆ?"

"ನಾನು ಬಾಯ್ ತಗುದಾಗ್ಲೆಲ್ಲ ನೀವು ಅತ್ತತ್ತು ರೂಪಾಯಿ ಏರುಸ್ತಿದ್ರಲ್ಲ ಸ್ವಾಮಿ!"

ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಜಯಲಕ್ಷ್ಮಮ್ಮ ಬಂದವರಿಗೆಲ್ಲ ಕಾಫಿ ಕೊಡಿಸಿ ಕಳಿಸಿದರು. ತಮ್ಮನನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೇ ನಾಗಮಂಗಲಕ್ಕೆ ಹೊರಟರು. ದೀಪ ಹಚ್ಚುವ ಹೊತ್ತಿಗೆ ಮರಳಿದಾಗ ಜೊತೆಯಲ್ಲಿ ಚಲುವಮ್ಮನಿದ್ದಳು. ಸಂಬಳ ತನ್ನ ಕೈಗೇ ಬರಬೇಕು, ಗಂಡ ಪಾತ್ರೆ ತೊಳೆಯಬೇಕು, ಎರಡೇ ಅವಳ ಕರಾರು. ಚಿಕ್ಕಯ್ಯ ಎರಡಕ್ಕೂ ಒಪ್ಪಿದ್ದ. ಮಂಚಯ್ಯ ಆಗಲೇ ಬೂದಿ, ತೆಂಗಿನ ನಾರು ಹುಡುಕುತ್ತಿದ್ದ.

ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ನಾಲ್ಕು ದಿನದ ಶಾಸ್ತ್ರೀಯ ಸಂಶೋಧನೆ ಎಲ್ಲಿ, ಅರ್ಧ ದಿನದ ಈ ಅವಸರ ಎಲ್ಲಿ!

"ಅಲ್ಲ ಕಣೇ, ಪರೀಕ್ಷೆ ಗಿರೀಕ್ಷೆ ಏನಾದ್ರೂ ಮಾಡ್ದಾ? ದೋಸೆನಾದ್ರೂ ತಿಂದ್ ನೋಡ್ದಾ?"

"ತಿನ್ನಾಕೆ ಪುರಸೊತ್ತೆಲ್ಲಿತ್ತು?" ಎಂದರು ಜಯಲಕ್ಷ್ಮಮ್ಮ, ಅಕ್ಕಿ ನೆನೆಹಾಕುತ್ತಾ. "ಅವ್ಳ ಅಂಗೈ ನೋಡ್ದೆ. ರುಬ್ಬಿ ರುಬ್ಬಿ ಜಡ್ಡು ಕಟ್ಬುಟ್ಟದೆ. ನಿಮ್ ಮಂಚಯ್ಯನ ಅಂಗೈ ಎಳೆಮಗೀನ ಕೆನ್ನೆ ಇದ್ದಂಗದೆ. ಅಷ್ಟು ನೋಡಾಕೆ ಸ್ಕೇಲ್ ಬೇಕಾ?"

ಲೆಕ್ಕದ ಮೇಷ್ಟ್ರು ತಮ್ಮ ಎರಡೂ ಅಂಗೈಗಳನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿದರು.