ಕೂರಲೊಲ್ಲದ ಗಿರಾಕಿ

ಕ್ಷೌರಿಕ: ಕೂತ್ಕೊಳ್ಳಿ ಸಾರ್ ಅಂದ್ರೆ ಕೂತ್ಕೊಳ್ಳಿ!

ಪೋಸ್ಟ್ ಮಾಸ್ಟರ್: ಕೂರಲ್ಲ ಅಂದ್ರೆ ಕೂರಲ್ಲ!

ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಕನ್ನಡಿಯೆದುರು ಪೋಸ್ಟ್ ಮಾಸ್ಟರು ಕಂಬದಂತೆ ನಿಂತಿದ್ದರು. ಕ್ಷೌರಿಕ ಅವರ ಭುಜದಷ್ಟೇ ಎತ್ತರ. ತುದಿಗಾಲಲ್ಲಿ ಎಡಗಡೆ ಮುಗಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು.

ಕ್ಷೌರಿಕ: ಕುರ್ಚಿ ಏನು ಕಚ್ಚುತ್ತಾ ಸಾರ್?

ಪೋಸ್ಟ್ ಮಾಸ್ಟರ್: ಸೊಂಟ ಕಚ್ಚುತ್ತಪ್ಪಾ. ಸರ್ವಿಸ್ ಪೂರ್ತಿ ಕೂತೂ ಕೂತೂ ಹಿಡ್ಕೊಂಡಿದೆ. ಕೂರೋದು ಕಡಿಮೆ ಮಾಡಿ ಅಂದಿದಾರೆ ಡಾಕ್ಟ್ರು.

ಕ್ಷೌರಿಕ: ಅಂದ್ರೆ ಆಗಾಗ ಎದ್ದು ಓಡಾಡಿ ಅಂತ! ಮಾತು ಕಡಿಮೆ ಮಾಡಿ ಅಂತ ನಮ್ಮನೆಯವಳು ದಿನಾ ಅಂತಾಳೆ, ನಾನೇನು ಮೂಗನಾದ್ನಾ?

ಪೋಸ್ಟ್ ಮಾಸ್ಟರ್: ಆಗಿದ್ದಿದ್ರೆ ಇಷ್ಟೊತ್ತಿಗೆ ಬಲಗಡೆನೂ ಮುಗೀತಿತ್ತು. ನಿಂತ ಕಾಲಲ್ಲೇ ಮುಗಿಸಯ್ಯಾ! ಮಗಳ ಸಂಬಂಧ ಮಾತಾಡೋಕೆ ಹುಡುಗನ ಕಡೆಯೋರು ಸಂಜೆ ಬರ್ತಿದಾರೆ. ಫೋನಲ್ಲಿ ಮಾತಾಡಿದ್ದಷ್ಟೇ, ಮುಖ ನೋಡಿಲ್ಲ. ಮೊದಲನೇ ಸಲಕ್ಕೇ ಅರ್ಧ ತಲೆ ತೋರಿಸ್ಲಾ?

ಕ್ಷೌರಿಕ: ನಂಗೂ ಸೊಂಟ ಇದೆ ಸಾರ್! ನಿಂತೂ ನಿಂತೂ ಅದೂ ಮುಷ್ಕರ ಹೂಡಿದೆ. ನಿಲ್ಲೋದು ಕಡಿಮೆ ಮಾಡು ಅಂದಿದಾರೆ.

ಪೋಸ್ಟ್ ಮಾಸ್ಟರ್: ಯಾರು?

ಕ್ಷೌರಿಕ: ನಿಮ್ಮ ಡಾಕ್ಟ್ರೇ!

ಪೋಸ್ಟ್ ಮಾಸ್ಟರು ಕುರ್ಚಿಯನ್ನು ನೋಡಿದರು, ಅವನನ್ನು ನೋಡಿದರು.

ಪೋಸ್ಟ್ ಮಾಸ್ಟರ್: ಮತ್ತಿನ್ನೇನು, ನೀನೇ ಹತ್ತಿ ಕೂತ್ಕೋ!

ಕ್ಷೌರಿಕ ಕೂತ. ಪೋಸ್ಟ್ ಮಾಸ್ಟರು ಪೆಡಲ್ ತುಳಿತುಳಿದು ಅವನನ್ನು ಮೇಲೇರಿಸಿದರು. ಅವನು ಬಲಗಡೆ ಕತ್ತರಿಸಿದಂತೆಲ್ಲ ಕೂದಲು ಅವನ ಮಡಿಲಿಗೇ ಉದುರತೊಡಗಿದ್ದರಿಂದ ಬಿಳಿ ಬಟ್ಟೆ ಅವನ ಕುತ್ತಿಗೆಗೆ ಹೋಯಿತು, ಬಾಚಣಿಗೆ ಇವರ ಕೈಗೆ ಬಂತು. ಅಷ್ಟರಲ್ಲಿ ಊರಿಗೆ ಹೊಸಬರೊಬ್ಬರು ಒಳಬಂದು, ನಿಂತವರನ್ನೇ ಮಾತಾಡಿಸಿದರು.

ಹೊಸಬರು: ಏನಪ್ಪಾ, ಇವರದು ಮುಗಿದ್ಮೇಲೆ ನಂದೊಂದು ಶೇವಿಂಗ್. ಪೋಸ್ಟ್ ಮಾಸ್ಟರ ಮಗಳನ್ನ ನಮ್ಮ ಹುಡುಗನಿಗೆ ಕೇಳೋಕೆ ಬಂದಿದೀವಿ. ಅಂದ ಹಾಗೆ, ಆ ಮನುಷ್ಯ ಹೇಗೆ?

ಪೋಸ್ಟ್ ಮಾಸ್ಟರು ಮುಗಿದಿದ್ದ ಎಡಪಕ್ಕವನ್ನಷ್ಟೇ ಅವರಿಗೆ ತೋರಿಸುತ್ತ ಗೋಡೆಯತ್ತ ತಿರುಗಿಕೊಂಡರು. ಕ್ಷೌರಿಕ ಮೇಲಿನಿಂದ ಬಾಯಿ ಹಾಕಿದ.

ಕ್ಷೌರಿಕ: ಅಪ್ಪಟ ಚಿನ್ನ ಸ್ವಾಮಿ! ಏನು ವಿನಯ ಅಂತೀರಿ! ಯಾರು ಎಷ್ಟು ಬೇಡ್ಕೊಂಡ್ರೂ ಎದುರಿಗೆ ಕೂರೋದೇ ಇಲ್ಲ.

ಹೊಸಬರು: ಛೆ ಛೆ, ಆ ಸಂಕೋಚ ಎಲ್ಲಾ ನಮ್ಮ ಹತ್ರ ನಡೆಯಲ್ಲ. ಕೈ ಹಿಡಿದು ಪಕ್ಕದಲ್ಲೇ ಕೂರಿಸ್ಕೊಂಡು, ರಾತ್ರಿ ಊಟದವರೆಗೂ ಏಳೋಕೆ ಬಿಡಲ್ಲ, ನೋಡ್ತಿರಿ!