ಒದ್ದೆ ಕೂದಲಿನ ವಿಧವೆ

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಕನ್ನಡಕದಂಗಡಿಯವನ ಸಂಕಟ ಶುರುವಾದದ್ದು ಅಲ್ಲಿಂದ.

ಹೆಂಡತಿ ಊಟ ಮುಗಿಸಿ ಅಕ್ಕನ ಮನೆಗೆ ಹೊರಟಳು, ಬರುವುದು ಸಂಜೆಗೆ. ಅವನು ಅಂಗಡಿಗೆ ಬೀಗ ಹಾಕಿ ಬಂದು, ಕಿಟಕಿಗಳಿಗೆಲ್ಲ ಪರದೆ ಎಳೆದು, ಊರೆಲ್ಲ ಪಿಸುಗುಟ್ಟುತ್ತಿದ್ದ ಆ ಹೊಸ ಪತ್ತೇದಾರಿ ಸಿನಿಮಾವನ್ನು ಟೀವಿಯಲ್ಲಿ ಹಾಕಿಕೊಂಡು ಕುಳಿತ. ಕಪ್ಪು ನೆರಳು, ಬಿಡದ ಮಳೆ, ಸಿಗರೇಟಿನ ಹೊಗೆ. ವಕೀಲನೊಬ್ಬನ ಕೊಲೆಯಾಗಿದೆ. ಅವನ ವಿಧವೆ ಒದ್ದೆ ಕೂದಲು ಬಿಟ್ಟುಕೊಂಡು ಪತ್ತೇದಾರನ ಕೋಣೆಗೆ ಬಂದು, ಕೋಟಿನ ಗುಂಡಿಗಳನ್ನು ಎಷ್ಟು ನಿಧಾನವಾಗಿ ಬಿಚ್ಚಿದಳೆಂದರೆ, ಕನ್ನಡಕದವನ ಕನ್ನಡಕವೇ ಮಂಜಾಯಿತು. ಇಂಥವಳು ಕೊಲೆ ಮಾಡಿರಲಾರಳು ಎಂದು ಅವನ ಮನಸ್ಸು ತೀರ್ಪು ಕೊಟ್ಟಾಗಿತ್ತು. ಹೆಂಡತಿ ಬರುವುದರೊಳಗೆ ಕೊನೆಯೊಂದನ್ನು ನೋಡಿಬಿಟ್ಟರೆ ಸಾಕಿತ್ತು.

ವಿಧವೆ ನಿಟ್ಟುಸಿರಿಟ್ಟಳು. ಗೋಡೆ ಹಪ್ಪಳದಷ್ಟು ತೆಳು. ಯಾರೋ ಬಾಗಿಲು ತಟ್ಟಿದರು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. "ಏನಯ್ಯಾ ಅದು ಶಬ್ದ? ನಿನ್ನ ಹೆಂಡ್ತಿ ಈಗಷ್ಟೇ ಆಚೆ ಹೋಗಿದ್ದು ನೋಡಿದ್ನಲ್ಲ?"

"ಸಿನಿಮಾ, ಮೇಷ್ಟ್ರೇ. ಆಫ್ ಮಾಡ್ತೀನಿ."

"ಆಫ್ ಮಾಡಿದ್ರೆ ಹೇಗಯ್ಯಾ? ಎಷ್ಟು ಕೆಟ್ಟದಾಗಿದೆ ಅಂತ ನೋಡ್ದೆ ಬೈಯೋಕಾಗುತ್ತಾ? ಹಿಂದಕ್ಕೆ ಹಾಕು."

ಹಾಕಿದ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುವವರಂತೆ ಹುಬ್ಬು ಗಂಟಿಕ್ಕಿ ನೋಡಿದರು. "ಛೇ, ಛೇ! ಇನ್ನೊಂದ್ಸಲ ಹಾಕು."

ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ಒಳಗೆ ಬಂದಾಗಿತ್ತು. "ಅಯ್ಯೋ, ಆ ಹುಡುಗಿ ಹೇಗೆ ನೆಂದಿದಾಳೆ! ಒಂದು ಟವೆಲ್ ಕೊಡೋ ಯೋಗ್ಯತೆ ಇಲ್ವಾ ಆ ಗಂಡಸಿಗೆ?"

"ಅಜ್ಜೀ, ಇದು ನೀವು ನೋಡೋ ಅಂಥದ್ದಲ್ಲ..."

"ಯಾಕೋ? ನಂಗೇನು ಮದುವೆ ಆಗಿರ್ಲಿಲ್ವಾ? ಮೊದಲಿಂದ ಹಾಕು."

ಮೊದಲಿಂದ ಹಾಕಿದ. ಬಟ್ಟೆ ಕೊಡಲು ಬಂದ ಇಸ್ತ್ರಿಯವನು ಬಾಗಿಲಲ್ಲೇ ನಿಂತ, ಆಮೇಲೆ ಒರಗಿದ, ಆಮೇಲೆ ಕುಳಿತ. ಕಥೆ ತಿಳಿಯದೆಂದು ಅವನಿಗಾಗಿಯೂ ಒಮ್ಮೆ ಹಿಂದಕ್ಕೆ ಹೋಗಬೇಕಾಯಿತು. ಮನೆಯೊಡೆಯನಿಗೆ ಉಳಿದದ್ದು ಮೂಲೆಯ ಮೊಣಕಾಲೆತ್ತರದ ಸ್ಟೂಲು.

ಅಂತೂ ಪತ್ತೇದಾರ ಪಿಸ್ತೂಲು ಎತ್ತಿ, "ಕೊಂದವರು ಯಾರೆಂದರೆ..." ಎನ್ನುವ ಹೊತ್ತಿಗೆ ಸಂಜೆಯಾಗಿತ್ತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವನ ಕೈ ತಾನಾಗಿ ರಿಮೋಟಿನ ಗುಂಡಿ ಒತ್ತಿತು. ಪರದೆ ನಿಶ್ಚಲವಾಯಿತು, ಅವನೂ.

ಮೇಷ್ಟ್ರು ಛಂಗನೆ ಎದ್ದರು. "ನೋಡಮ್ಮಾ, ಇವನಿಗೆ ಬುದ್ಧಿ ಹೇಳೋಣ ಅಂತ ಬಂದ್ವಿ. ಮಧ್ಯಾಹ್ನದಿಂದ ಹೇಳ್ತಾನೇ ಇದೀವಿ."

"ಕೇಳಬೇಕಲ್ಲ!" ಎಂದರು ಅಜ್ಜಿ, ಸೋಫಾದಿಂದ ಏಳದೆ.

ಹೆಂಡತಿ ಪರದೆ ನೋಡಿದಳು. "ಓ, ಇದಾ? ಇದನ್ನ ನೋಡೋಕೇ ಅಲ್ವಾ ನಾನು ಅಕ್ಕನ ಮನೆಗೆ ಹೋಗಿದ್ದು! ಕೂತ್ಕೊಳ್ಳಿ ಮೇಷ್ಟ್ರೇ, ಮಜಾ ಇರೋದೇ ಈಗ. ರೀ, ಎಲ್ರಿಗೂ ಕಾಫಿ ಮಾಡ್ಕೊಂಡು ಬನ್ನಿ."

ಅಡುಗೆಮನೆಯಲ್ಲಿ ಅವನು ಹಾಲು ಒಲೆಗಿಟ್ಟ. ಹೊರಗೆ ಗುಂಡಿನ ಸದ್ದು, ಎಲ್ಲರೂ ಒಟ್ಟಿಗೆ "ಅಬ್ಬಾ!" ಎಂದರು. ಕುತ್ತಿಗೆ ಎಷ್ಟು ಚಾಚಿದರೂ ಕಂಡದ್ದು ಇಸ್ತ್ರಿಯವನ ಬೆನ್ನು ಮಾತ್ರ.

ಹೆಂಡತಿ ಮೆಲ್ಲಗೆ ಬಂದು ಅವನ ಕಿವಿಯಲ್ಲಿ ಹೇಳಿದಳು:

"ಹೆಂಡ್ತೀನೇ ಕಣ್ರೀ ಗಂಡನ್ನ ಕೊಂದಿದ್ದು. ಹಾಲು ಉಕ್ತಾ ಇದೆ, ನೋಡಿ."